ಇಂಗ್ಲೆಂಡಿನಲ್ಲಿ ಮರ ಹತ್ತುವ ಕೆಲಸ: ಶಿರಸಿಯಿಂದ ಬಂದ ಗೆಳೆಯರಿಗೆ

ನಮಸ್ಕಾರ. ಹೆಂಡತಿಗೆ ನರ್ಸ್ ಕೆಲಸ ಸಿಕ್ಕಿ, ನೀವು ಡಿಪೆಂಡೆಂಟ್ ವೀಸಾದಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಬಂದಿದ್ದೀರಿ. ಊರಲ್ಲಿ ಅಡಿಕೆ ಕೊನೆ ಕೊಯ್ದು, ಮಳೆಗಾಲದಲ್ಲಿ ಮದ್ದು ಹೊಡೆದು ಅಭ್ಯಾಸವಿದೆ. ಇಲ್ಲಿ ಮರ ಹತ್ತಿ ಕೊಂಬೆ ಸವರುವ, ಮರ ಕಡಿಯುವ ಕೆಲಸದಲ್ಲೇ ಬದುಕು ಕಟ್ಟಿಕೊಳ್ಳಬಹುದಾ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ. ಆ ವೀಸಾದಲ್ಲಿ ಕೆಲಸ ಮಾಡಲು ಅಡ್ಡಿಯಿಲ್ಲ, ಅರ್ಧ ತಲೆನೋವು ಅಲ್ಲಿಗೇ ಮುಗಿಯಿತು. ಆದರೆ ಹತ್ತಲು ಬರುತ್ತದೆ ಎಂಬುದೊಂದನ್ನೇ ನೆಚ್ಚಿಕೊಂಡು ಹೋದರೆ ಮೊದಲ ವಾರವೇ ಬೇಸರವಾಗುತ್ತದೆ.

ಯಾಕೆಂದರೆ ನಿಮ್ಮನ್ನು ಮೊದಲು ನೆಲದ ಮೇಲೆ ನಿಲ್ಲಿಸುತ್ತಾರೆ. ಗ್ರೌಂಡಿ ಅನ್ನುತ್ತಾರೆ. ಬಿದ್ದ ಕೊಂಬೆ ಎಳೆಯುವುದು, ಅದನ್ನು ಚೂರು ಮಾಡುವ ಯಂತ್ರ ಚಿಪ್ಪರ್‌ಗೆ ಹಾಕುವುದು, ದೊಡ್ಡ ತುಂಡುಗಳನ್ನು ಹಗ್ಗದಲ್ಲಿ ಮೆಲ್ಲಗೆ ಇಳಿಸುವುದು, ಕೊನೆಗೆ ಗಿರಾಕಿಯ ಅಂಗಳ ಗುಡಿಸುವುದು. ಸಂಬಳ ಕನಿಷ್ಠ ಕೂಲಿಗಿಂತ ಸ್ವಲ್ಪ ಮೇಲೆ, ಅಷ್ಟೇ. ಇದನ್ನು ಅವಮಾನ ಅಂದುಕೊಳ್ಳಬೇಡಿ. ಮೇಲಿದ್ದವನ ಜೀವ ಕೆಳಗಿದ್ದವನ ಕೈಯಲ್ಲಿರುತ್ತದೆ. ಮೇಲೆ ಯಾರಿಗಾದರೂ ಪೆಟ್ಟಾದರೆ ಹತ್ತಿ ಇಳಿಸಿಕೊಂಡು ಬರಲು ತರಬೇತಿಯಾದ ಇನ್ನೊಬ್ಬರು ಅಲ್ಲೇ ಇರಬೇಕು.

ಆ ತರಬೇತಿಯ ಸರ್ಟಿಫಿಕೇಟ್‌ಗೆ ಇಲ್ಲಿ 'ಟಿಕೆಟ್' ಎನ್ನುತ್ತಾರೆ. ಹೊಸ ಹೆಸರು ಬಂದಿದ್ದರೂ ಎಲ್ಲರೂ ಹಳೆಯದನ್ನೇ ಹೇಳುತ್ತಾರೆ: ಸಿಎಸ್ 30 ಎಂದರೆ ಚೈನ್‌ಸಾ, ಅಂದರೆ ಯಂತ್ರದ ಗರಗಸದ ನಿರ್ವಹಣೆ ಮತ್ತು ತುಂಡು ಮಾಡುವುದು, 31 ಸಣ್ಣ ಮರ ಉರುಳಿಸುವುದು, 38 ಮರ ಹತ್ತುವುದು ಮತ್ತು ಮೇಲಿನಿಂದ ರಕ್ಷಿಸಿ ಇಳಿಸುವುದು, 39 ಹಗ್ಗದಲ್ಲಿ ನೇತಾಡುತ್ತಾ ಚೈನ್‌ಸಾ ಬಳಸುವುದು. ಎಲ್ಲವನ್ನೂ ಸ್ವಂತ ದುಡ್ಡಲ್ಲಿ ಒಟ್ಟಿಗೆ ಮಾಡಬೇಡಿ, ಸಣ್ಣ ಮೊತ್ತವಲ್ಲ. ಮೊದಲಿನ ಎರಡು ಮಾಡಿಕೊಂಡು ಕೆಲಸಕ್ಕೆ ಸೇರಿ. ಒಳ್ಳೆಯ ಕಂಪನಿ ಉಳಿದದ್ದನ್ನು ಮಾಡಿಸುತ್ತದೆ.

ಈಗ ಹತ್ತುವ ವಿಷಯ. ಅಡಿಕೆ ಮರಕ್ಕೆ ಕೊಂಬೆಯಿಲ್ಲ. ಕಾಲಿಗೆ ತಳೆ ಹಾಕಿ, ಕೈಕಾಲಿನ ಬಲ ನಂಬಿ ನೆಟ್ಟಗೆ ಏರುತ್ತೀರಿ, ತುದಿಯಲ್ಲಿ ಮರ ಬಾಗಿಸಿ ಪಕ್ಕದ ಮರಕ್ಕೆ ದಾಟುತ್ತೀರಿ. ಇಲ್ಲಿನ ಓಕ್ ಮರ ಎತ್ತರಕ್ಕಿಂತ ಅಗಲದಲ್ಲಿ ಕಾಡುತ್ತದೆ. ಕೆಲಸವಿರುವುದು ಕಾಂಡದಲ್ಲಲ್ಲ, ಕೊಂಬೆಯ ತುದಿಯಲ್ಲಿ, ಅದು ನಿಮ್ಮ ಭಾರ ತಡೆಯುವುದಿಲ್ಲ. ಹಗ್ಗ ಮೇಲೆ ಗಟ್ಟಿ ಕವಲಿನಲ್ಲಿರುತ್ತದೆ. ಮೈಭಾರವನ್ನೆಲ್ಲ ಅದಕ್ಕೆ ಬಿಟ್ಟು, ಕೊಂಬೆಗೆ ಸುಮ್ನೆ ಪಾದ ತಾಗಿಸಿಕೊಂಡು ನಡೆಯಬೇಕು. ನಮ್ಮ ಕಡೆಯವರಿಗೆ ಕಷ್ಟವಾಗುವುದು ಇದೇ. ಎತ್ತರದ ಭಯವಿಲ್ಲ, ಆದರೆ ಕೈ ಕೊಂಬೆಯನ್ನು ಬಿಡುವುದಿಲ್ಲ. ಗರಗಸಕ್ಕೆ ಎರಡೂ ಕೈ ಬೇಕು, ಅಲ್ವಾ? ಚೈನ್‌ಸಾ ಶುರು ಮಾಡುವ ಮೊದಲು ಇನ್ನೊಂದು ಕಟ್ಟು ಬೇಕೇ ಬೇಕು. ಒಂದು ಹಗ್ಗಕ್ಕೆ ನಿಮ್ಮದೇ ಗರಗಸ ತಾಗಿದರೂ ಇನ್ನೊಂದು ಹಿಡಿದಿರಬೇಕು.

ಅದಾದ ಮೇಲೆ ಮರದ ಪಾಠ. ಕೊಂಬೆಯನ್ನು ಕಾಂಡಕ್ಕೆ ಸಮವಾಗಿ ಕೊಯ್ಯಬಾರದು. ಕೊಂಬೆಯ ಬುಡದಲ್ಲಿ ಉಬ್ಬಿದ ಭಾಗವಿದೆಯಲ್ಲ, ಅದರ ಹೊರಗೆ ಕೊಯ್ಯಬೇಕು. ಅಮೆರಿಕದ ವಿಜ್ಞಾನಿ ಅಲೆಕ್ಸ್ ಶೈಗೋ ತೋರಿಸಿಕೊಟ್ಟದ್ದು ಇದು: ಮರ ಗಾಯವನ್ನು ಮಾಯಿಸುವುದಿಲ್ಲ, ಸುತ್ತ ಗೋಡೆ ಕಟ್ಟಿ ಒಳಗೇ ಮುಚ್ಚಿಡುತ್ತದೆ. ಉಬ್ಬು ಕೊಯ್ದುಹೋದರೆ ಆ ಗೋಡೆಯೂ ಸರಿಯಾಗಿ ಏಳುವುದಿಲ್ಲ. ಕಾಲಿಗೆ ಮೊಳೆ ಕಟ್ಟಿ ಹತ್ತುವುದು ಕಡಿಯುವ ಮರಕ್ಕೆ ಮಾತ್ರ, ಉಳಿಸುವ ಮರಕ್ಕಲ್ಲ.

ಆ್ಯಶ್ ಮರವನ್ನು ಬೇರೆಯಾಗಿಯೇ ಹೇಳಬೇಕು. ಅದಕ್ಕೆ ಬಡಿದ ಶಿಲೀಂಧ್ರ ರೋಗ ಬ್ರಿಟನ್ನಿನಲ್ಲಿ ಮೊದಲು ಪತ್ತೆಯಾದದ್ದು 2012ರಲ್ಲಿ. ರೋಗ ಹಿಡಿದ ಮರ ಒಳಗೊಳಗೇ ಪೆಳಸಾಗಿ, ಹೇಳದೆ ಕೇಳದೆ ಮುರಿಯುತ್ತದೆ. ಅಂಥದ್ದಕ್ಕೆ ಕೆಲಸಗಾರನನ್ನು ಮೇಲಕ್ಕೆತ್ತುವ ಯಂತ್ರ ತರಿಸುತ್ತಾರೆ. 'ಇದನ್ನು ನಾನು ಹತ್ತಲ್ಲ' ಎನ್ನುವ ಕ್ಲೈಂಬರ್‌ಗೆ ಇಲ್ಲಿ ಮರ್ಯಾದೆ ಜಾಸ್ತಿ. ಊರಲ್ಲಿ ಹೀಗೆ ಹೇಳಿದವನನ್ನು ಮರುದಿನ ಕರೆಯುತ್ತಿರಲಿಲ್ಲ.

ಕಾನೂನು ಕೂಡ ಗೊತ್ತಿರಲಿ. ಹಕ್ಕಿ ಗೂಡಿನಲ್ಲಿದ್ದರೆ ಕೆಲಸ ನಿಲ್ಲಿಸಬೇಕು, ಮುಖ್ಯವಾಗಿ ಮಾರ್ಚ್‌ನಿಂದ ಆಗಸ್ಟ್‌ವರೆಗೆ. ಬಾವಲಿಯ ಪೊಟರೆ ಮುಟ್ಟುವ ಹಾಗಿಲ್ಲ. ಕೌನ್ಸಿಲ್ (ಸ್ಥಳೀಯ ಆಡಳಿತ) ರಕ್ಷಿಸಿದ ಮರಕ್ಕೆ ಕೈ ಹಾಕಲು, ಅದು ಯಾರ ಹಿತ್ತಿಲಲ್ಲಿದ್ದರೂ, ಅನುಮತಿ ಬೇಕು.

ಹತ್ತಿ ಎಷ್ಟು ವರ್ಷ ದುಡಿಯಬಹುದು ಎಂದಿರಿ. ಭುಜ, ಮೊಣಕಾಲು, ಚೈನ್‌ಸಾದ ಕಂಪನಕ್ಕೆ ಬೆರಳು, ಎಲ್ಲವೂ ಲೆಕ್ಕ ಕೇಳುತ್ತವೆ. ನಲವತ್ತು ದಾಟಿದ ಮೇಲೆ ಬಹಳ ಜನ ಇಳಿಯುತ್ತಾರೆ. ಆದ್ದರಿಂದ ಹತ್ತುತ್ತಿರುವಾಗಲೇ ಓದಿ, ಮರಗಳ ಆರೈಕೆಯ ಲೆವೆಲ್ 4 ಕೋರ್ಸ್ ಮಾಡಿಕೊಳ್ಳಿ. ಕೌನ್ಸಿಲ್‌ನಲ್ಲಿ ಟ್ರೀ ಆಫೀಸರ್ ಆಗಬಹುದು, ಸಲಹೆಗಾರ ಆಗಬಹುದು. ನಾನೂ ಈಗ ಹೆಚ್ಚಾಗಿ ಮರ ನೋಡಿ ವರದಿ ಬರೆಯುತ್ತೇನೆ. 'ಮರ ಹತ್ತೋಕೆ ಇಂಗ್ಲೆಂಡಿಗೆ ಹೋದನಾ' ಎಂದು ಊರಲ್ಲಿ ನಕ್ಕವರಿಗೆ ಈಗ ತಮ್ಮ ತೋಟಕ್ಕೇ ಹತ್ತುವವರು ಸಿಗುತ್ತಿಲ್ಲ, ನೆಲದಿಂದಲೇ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಹಿಡಿದಿದ್ದಾರೆ. ಅದು ಬೇರೆ ಕಥೆ.

ಕೂಡಲೇ ಮಾಡಬೇಕಾದದ್ದು ಡ್ರೈವಿಂಗ್ ಲೈಸೆನ್ಸ್. ನಿಮ್ಮ ಭಾರತದ ಲೈಸೆನ್ಸ್ ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಮಾತ್ರ ನಡೆಯುತ್ತದೆ. ಚಿಪ್ಪರ್ ಎಳೆಯುವ ವ್ಯಾನ್ ಓಡಿಸಬಲ್ಲ ಗ್ರೌಂಡಿಯನ್ನು ಯಾರೂ ಸುಲಭಕ್ಕೆ ಬಿಡುವುದಿಲ್ಲ.

ಹತ್ತುವಾಗ ಸೊಂಟಕ್ಕೆ ಕಟ್ಟುವ ಹಾರ್ನೆಸ್ ಈಗಲೇ ಕೊಳ್ಳಲಾ ಎಂದು ಕೇಳಿದ್ದಿರಿ. ಬೇಡ. ಚೈನ್‌ಸಾ ಬೂಟು, ಪ್ಯಾಂಟು ಕೊಳ್ಳಿ. ನೆಲದ ಕೆಲಸಕ್ಕೆ ಮುಂಭಾಗ ಮಾತ್ರ ಕಾಯುವ ಟೈಪ್ ಎ ಸಾಕು, ಹತ್ತುವಾಗ ಸುತ್ತಲೂ ಕಾಯುವ ಟೈಪ್ ಸಿ ಬೇಕಾಗುತ್ತದೆ. ಹತ್ತುವ ಸಾಮಾನನ್ನೆಲ್ಲ ಆರು ತಿಂಗಳಿಗೊಮ್ಮೆ ತಜ್ಞರಿಂದ ತಪಾಸಣೆ ಮಾಡಿಸಬೇಕು. ಎಷ್ಟೇ ಅಗ್ಗಕ್ಕೆ ಸಿಕ್ಕರೂ ಸೆಕೆಂಡ್ ಹ್ಯಾಂಡ್ ಹಗ್ಗ, ಹೆಲ್ಮೆಟ್ ತೆಗೆದುಕೊಳ್ಳಬೇಡಿ.