ಮೆಕ್ಸಿಕೋ ಸಿಟಿಯಲ್ಲಿ ವಿಶ್ವಕಪ್ ಪಂದ್ಯ ಆಡುವ ಫುಟ್‌ಬಾಲ್ ತಂಡ ಅಲ್ಲಿನ ಎತ್ತರಕ್ಕೆ ಹೇಗೆ ಸಿದ್ಧವಾಗಬೇಕು?

ಅಲ್ಲಿನ ಅಸ್ತೇಕಾ ಮೈದಾನ ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಕರಾವಳಿಗಿಂತ ಕಾಲುಭಾಗದಷ್ಟು ಕಡಿಮೆ, ಹಾಗಾಗಿ ಪ್ರತಿ ಉಸಿರಿನಲ್ಲೂ ಸಿಗುವ ಆಮ್ಲಜನಕವೂ ಕಡಿಮೆ. ಒಂದು ವೇಗದ ಓಟ ಅಲ್ಲಿ ಕಷ್ಟವಲ್ಲ, ಅದಾದ ಮೇಲೆ ಸುಧಾರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕು. ಎರಡನೇ ಅರ್ಧದಲ್ಲಿ ತಂಡ ಸೊರಗುವುದು ಇದರಿಂದಲೇ.

ಸಿದ್ಧತೆ ಶುರುವಾಗಬೇಕಾದದ್ದು ರಕ್ತಪರೀಕ್ಷೆಯಿಂದ. ಆರೇಳು ವಾರ ಮೊದಲೇ ಎಲ್ಲರ ಫೆರಿಟಿನ್ (ದೇಹದಲ್ಲಿ ಕಬ್ಬಿಣಾಂಶ ಎಷ್ಟು ಕೂಡಿಟ್ಟಿದೆ ಎಂದು ತೋರಿಸುವ ಪ್ರೋಟೀನ್) ನೋಡಬೇಕು. ಕಬ್ಬಿಣಾಂಶ ಕಡಿಮೆ ಇದ್ದವರಿಗೆ ಎತ್ತರದಲ್ಲಿ ಎಷ್ಟು ದಿನ ಇದ್ದರೂ ಕೆಂಪು ರಕ್ತಕಣ ಸರಿಯಾಗಿ ಹೆಚ್ಚುವುದಿಲ್ಲ, ಮಾತ್ರೆ ಕೆಲಸ ಮಾಡಲು ವಾರಗಳೇ ಬೇಕು. ಹಲವು ಶಿಬಿರಗಳು ಎಡವುವುದು ಇಲ್ಲೇ ಎಂದು ನನ್ನ ಅಭಿಪ್ರಾಯ.

ಪಂದ್ಯಕ್ಕೆ 10ರಿಂದ 14 ದಿನ ಮುಂಚೆ ತಲುಪುವುದು ಒಳ್ಳೆಯದು. ಮೊದಲ ಮೂರು ದಿನ ನಿದ್ದೆ ಕೆಡುತ್ತದೆ, ರಕ್ತದ ದ್ರವಾಂಶ ಇಳಿಯುತ್ತದೆ. ಆಗ ಹಗುರ ಅಭ್ಯಾಸ, ಹೆಚ್ಚು ನೀರು. ಆಮೇಲೆ ವೇಗ ಕಡಿಮೆ ಮಾಡಬೇಡಿ. ಓಟಗಳನ್ನು ಚಿಕ್ಕದಾಗಿಸಿ, ನಡುವಿನ ವಿರಾಮ ಹಿಗ್ಗಿಸಿ. 1970ರಲ್ಲಿ ಇಂಗ್ಲೆಂಡ್ ವಿಶ್ವಕಪ್‌ಗೆ ಮುಂಚೆ ಎತ್ತರದ ನಗರಗಳಾದ ಬೊಗೋಟಾ, ಕೀಟೋಗಳಲ್ಲಿ ಪಂದ್ಯ ಆಡಿದ್ದು ಈ ಹೊಂದಾಣಿಕೆಗಾಗಿಯೇ.

ಚೆಂಡನ್ನೂ ಮರೆಯಬಾರದು. ತೆಳು ಗಾಳಿಯಲ್ಲಿ ಅದು ವೇಗವಾಗಿ, ದೂರ ಹೋಗುತ್ತದೆ, ಬಾಗುವುದು ಕಡಿಮೆ. ಉದ್ದ ಪಾಸ್ ಗೆರೆ ದಾಟುತ್ತದೆ, ಗೋಲ್‌ಕೀಪರ್ ಲೆಕ್ಕ ತಪ್ಪುತ್ತದೆ. ಟೂರ್ನಿಯ ಅದೇ ಚೆಂಡಿನಲ್ಲಿ ಕ್ರಾಸ್, ಫ್ರೀ ಕಿಕ್‌ಗಳನ್ನು ಅಲ್ಲೇ ಪ್ರತಿದಿನ ಅಭ್ಯಾಸ ಮಾಡಿಸಬೇಕು. ಐದು ಬದಲಿ ಆಟಗಾರರಲ್ಲಿ ಇಬ್ಬರನ್ನಾದರೂ 60ನೇ ನಿಮಿಷದೊಳಗೆ ಇಳಿಸುವ ಯೋಜನೆ ಇರಲಿ, ಅದರಲ್ಲೂ ಅಂಚಿನಲ್ಲಿ ಓಡುವವರ ಜಾಗಕ್ಕೆ.