ಹೈಟೆಕ್ ತರಗತಿಗೆ ಅಂಜಿದ ಅಧ್ಯಾಪಿಕೆ: ಒಂದು ಆಪ್ತಸಲಹೆ ಪ್ರಕರಣ

(ಸಲಹಾರ್ಥಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯಲಾಗಿದೆ.)

ಸಲಹಾರ್ಥಿ ಐವತ್ತರ ಹತ್ತಿರದ ವಯಸ್ಸಿನವರು. ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾರೆ. ಆದಿತ್ಯವಾರ ರಾತ್ರಿ ನಿದ್ದೆ ಹತ್ತುವುದಿಲ್ಲ, ಪ್ರೊಜೆಕ್ಟರ್ ಇರುವ ಕೊಠಡಿಯಲ್ಲಿ ಪಾಠವಿದ್ದ ದಿನ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ ಎಂದು ಹೇಳಿಕೊಂಡು ಬಂದರು. ರಕ್ತದೊತ್ತಡ, ಥೈರಾಯ್ಡ್ ಎರಡನ್ನೂ ವೈದ್ಯರು ಪರೀಕ್ಷಿಸಿ ತೊಂದರೆಯಿಲ್ಲ ಎಂದಿದ್ದರು. ಸ್ವಯಂ ನಿವೃತ್ತಿ ಪಡೆಯುವ ಯೋಚನೆಯನ್ನು ಆಗಲೇ ಮನೆಯವರಲ್ಲಿ ಪ್ರಸ್ತಾಪಿಸಿದ್ದರು. "ನನ್ನ ತಲೆಗೆ ಇನ್ನು ಇದು ಹತ್ತುವುದಿಲ್ಲ ಸರ್. ಮಕ್ಕಳೆದುರು ಮರ್ಯಾದೆ ಹೋಗುವ ಮೊದಲು ಬಿಟ್ಟು ಹೋಗುವುದೇ ಒಳ್ಳೆಯದು ಅಂತ ಕಾಣ್ತದೆ" ಎಂಬುದು ಅವರ ಮಾತು.

ಭಯ ಶುರುವಾದದ್ದು ಎಂದಿನಿಂದ ಎಂದು ವಿಚಾರಿಸುತ್ತ ಹೋದಾಗ ಒಂದು ಘಟನೆ ಹೊರಬಂತು. ಅವರು ಪಾಠದ ಟಿಪ್ಪಣಿಯನ್ನು ಡಿಟಿಪಿ ಅಂಗಡಿಯಲ್ಲಿ ದುಡ್ಡು ಕೊಟ್ಟು ಟೈಪ್ ಮಾಡಿಸಿ, ಪೆನ್‌ಡ್ರೈವಿನಲ್ಲಿ ತಂದು ಒಂಬತ್ತನೆಯ ತರಗತಿಯಲ್ಲಿ ತೆರೆದಿದ್ದರು. ಪರದೆಯ ಮೇಲೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋದ ಸಾಲುಗಳು ಮೂಡಿದವು. ಮಕ್ಕಳು ನಕ್ಕರು. ತಾನೇ ಏನೋ ಒತ್ತಿ ಹಾಳುಮಾಡಿದೆನೆಂದು ನಂಬಿದ ಅವರು ಅಂದಿನಿಂದ ಆ ಲ್ಯಾಪ್‌ಟಾಪನ್ನು ಮುಟ್ಟಿರಲಿಲ್ಲ. ವಾಸ್ತವದಲ್ಲಿ ನಡೆದದ್ದು ಸರಳ. ಅಂಗಡಿಯವರು ಯುನಿಕೋಡ್ (ಎಲ್ಲ ಕಂಪ್ಯೂಟರುಗಳಲ್ಲೂ ಅಕ್ಷರ ಒಂದೇ ರೀತಿ ಗುರುತಾಗುವ ಸಂಕೇತ ವ್ಯವಸ್ಥೆ) ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರು. ವಿಂಡೋಸ್ ಬದಲು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ನಡೆಯುವ ಶಾಲಾ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇರಲಿಲ್ಲ. ಇದನ್ನು ಅವರಿಗೆ ಅದುವರೆಗೆ ಯಾರೂ ತಿಳಿಸಿರಲಿಲ್ಲ. ತಿಳಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ.

ಕೇರಳದ ಶಾಲೆಗಳಿಗೆ ಸಲಕರಣೆ ಬಂದಿಲ್ಲವೆಂದು ಹೇಳುವಂತಿಲ್ಲ. 2018ರಲ್ಲಿ ಉದ್ಘಾಟನೆಯಾದ ಹೈಟೆಕ್ ಶಾಲಾ ಯೋಜನೆಯಲ್ಲಿ ಎಂಟರಿಂದ ಹನ್ನೆರಡನೆಯ ತರಗತಿವರೆಗಿನ 45,000 ಕೊಠಡಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಬಂದವು. ಆದರೆ ಈ ಅಧ್ಯಾಪಿಕೆ ಹಾಜರಾದ ತರಬೇತಿಗಳು ಮಲಯಾಳದಲ್ಲೇ ನಡೆದಿದ್ದವು, ಕೈಪಿಡಿಯೂ ಮಲಯಾಳದ್ದೇ. ಅವರಿಗೆ ಮಲಯಾಳ ಮಾತಾಡಲು ಬರುತ್ತದೆ, ಓದುವುದು ನಿಧಾನ. ಒಂದು ಪುಟ ಓದಿ ಮುಗಿಸುವಷ್ಟರಲ್ಲಿ ತರಬೇತುದಾರರು ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತಿದ್ದರು. ಅಧ್ಯಾಪಿಕೆ ತೋರಿಸಿದ ಟಿಪ್ಪಣಿ ಪುಸ್ತಕ ನನ್ನ ಕಣ್ಣಿಗೆ ಕಟ್ಟಿದಂತಿದೆ: ಪರದೆಯ ಮೇಲಿನ ಚಿತ್ರಗಳನ್ನು ಪೆನ್ಸಿಲಿನಲ್ಲಿ ಒಂದೊಂದಾಗಿ ಬರೆದು, ಪಕ್ಕದಲ್ಲಿ ಬಾಣದ ಗುರುತು ಹಾಕಿ, "ಇದರ ನಂತರ ಇದು" ಎಂದು ಕನ್ನಡದಲ್ಲಿ ಬರೆದಿದ್ದರು. ಇಷ್ಟು ಶ್ರಮಪಟ್ಟು ಕಲಿಯಲು ಹೊರಟವರನ್ನು ಕಲಿಕೆಯಲ್ಲಿ ಹಿಂದೆ ಬಿದ್ದವರೆಂದು ಕರೆಯಲು ನನ್ನಿಂದ ಸಾಧ್ಯವಿಲ್ಲ.

ಆದ್ದರಿಂದ ನಾನು ಇದನ್ನು ವಯಸ್ಸಿನ ಅಥವಾ ಬುದ್ಧಿಯ ಕೊರತೆಯಾಗಿ ಕಾಣದೆ, ತನಗೆ ಯಾರೂ ಕಲಿಸದೇ ಇದ್ದುದನ್ನು ತನ್ನ ದಡ್ಡತನವೆಂದು ತಪ್ಪಾಗಿ ತಿಳಿದುಕೊಂಡದ್ದರಿಂದ ಹುಟ್ಟಿದ, ತಪ್ಪಿಸಿಕೊಂಡಷ್ಟೂ ಬಲಿಯುವ ಆತಂಕವಾಗಿ ಕಂಡೆ. ಹಾಗೆಯೇ ಅವರಿಗೂ ವಿವರಿಸಿದೆ: "ಟೀಚರೇ, ನೀವು ಲ್ಯಾಪ್‌ಟಾಪನ್ನು ಮುಟ್ಟದ ದಿನ ಮನಸ್ಸು ಹಗುರವಾಗುತ್ತದೆ, ಆದರೆ ಮರುದಿನದ ಹೆದರಿಕೆ ಅದರಿಂದಲೇ ಹೆಚ್ಚುತ್ತದೆ."

ಸಲಹೆಯನ್ನು ಚಿಕ್ಕ ಮೆಟ್ಟಿಲುಗಳಾಗಿ ಕೊಟ್ಟೆ. ಮೊದಲ ವಾರ ಶಾಲೆ ಬಿಟ್ಟ ಮೇಲೆ, ಮಕ್ಕಳಿಲ್ಲದ ಕೊಠಡಿಯಲ್ಲಿ, ಲ್ಯಾಪ್‌ಟಾಪಿಗೆ ಪ್ರೊಜೆಕ್ಟರಿನ ತಂತಿ ಜೋಡಿಸಿ ತೆಗೆಯುವುದಷ್ಟೇ ಕೆಲಸ. ಎದೆ ಹೊಡೆದುಕೊಂಡರೂ ಎದ್ದು ಹೋಗದೆ, ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡುತ್ತ, ಹೆದರಿಕೆ ತಾನಾಗಿ ಇಳಿಯುವವರೆಗೆ ಕುಳಿತಿರಬೇಕು. ಎರಡನೆಯ ಮೆಟ್ಟಿಲು ಯುನಿಕೋಡ್ ಕನ್ನಡದಲ್ಲಿ ಶಾಲೆಯ ಹೆಸರನ್ನು ಟೈಪ್ ಮಾಡುವುದು. ಇನ್‌ಸ್ಕ್ರಿಪ್ಟ್ ಎಂಬ, ಭಾರತೀಯ ಭಾಷೆಗಳ ಕೀಲಿಮಣೆ ವಿನ್ಯಾಸದಲ್ಲಿ ಇಂಗ್ಲಿಷಿನ 'ಡಿ' ಕೀಲಿ ಒತ್ತಿದರೆ ಒತ್ತಕ್ಷರ ಕೂಡಿಕೊಳ್ಳುತ್ತದೆ ಎಂಬುದನ್ನು ಅವರಿಗೆ ಕಲಿಸಿದವರು ಅದೇ ಶಾಲೆಯ ಕಿರಿಯ ಅಧ್ಯಾಪಕರೊಬ್ಬರು. ಅದಾದ ಮೇಲೆ ಪ್ರಶ್ನೆಪತ್ರಿಕೆಯ ಒಂದು ಪುಟ. ಕೊನೆಗೆ ತರಗತಿಯಲ್ಲಿ ಹತ್ತು ನಿಮಿಷ ಒಂದು ಭೂಪಟ ತೋರಿಸುವುದು. ಲಿಟಲ್ ಕೈಟ್ಸ್ ಎಂಬ ಶಾಲಾ ಐಟಿ ಕ್ಲಬ್ಬಿನ ಮಕ್ಕಳಲ್ಲಿ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಲು ಹೇಳಿದಾಗ ಮೊದಲು ಹಿಂಜರಿದರು, ಆಮೇಲೆ ಒಪ್ಪಿದರು.

ಇಷ್ಟಕ್ಕೆ ನಿಲ್ಲಿಸಿದರೆ ವ್ಯವಸ್ಥೆಯ ಹೊಣೆಯನ್ನೂ ಅವರ ತಲೆಗೇ ಕಟ್ಟಿದಂತಾಗುತ್ತಿತ್ತು. ಅಕ್ಕಪಕ್ಕದ ಶಾಲೆಗಳ ಕನ್ನಡ ಅಧ್ಯಾಪಕರೊಂದಿಗೆ ಸೇರಿ, ಕನ್ನಡ ಬಲ್ಲ ತರಬೇತುದಾರರು, ಕನ್ನಡ ಕೈಪಿಡಿ, ತರಬೇತಿಯಲ್ಲೇ ಅಭ್ಯಾಸಕ್ಕೆ ಬಿಡುವು ಬೇಕೆಂದು ಮುಖ್ಯೋಪಾಧ್ಯಾಯರ ಮೂಲಕ ಲಿಖಿತವಾಗಿ ಕೇಳುವಂತೆ ಸೂಚಿಸಿದೆ. ಭಾಷಾ ಅಲ್ಪಸಂಖ್ಯಾತರ ಶಾಲೆಗೆ ಇದು ನ್ಯಾಯವಾದ ಬೇಡಿಕೆ. ದಯೆ ಕೇಳುವ ಧಾಟಿಯಲ್ಲಿ ಪತ್ರ ಬರೆಯಬೇಡಿ ಎಂದೂ ಹೇಳಿದೆ.

ಅವರ ಮನಸ್ಸನ್ನು ಕೊರೆಯುತ್ತಿದ್ದ ಇನ್ನೊಂದು ಸಂಗತಿ ಮಕ್ಕಳದು. 2020ರ ಜೂನ್ 1ರಂದು ಕೇರಳದ ಶೈಕ್ಷಣಿಕ ಟಿವಿ ವಾಹಿನಿಯಾದ ಕೈಟ್ ವಿಕ್ಟರ್ಸ್‌ನಲ್ಲಿ ಕೋವಿಡ್ ಕಾಲದ ಫಸ್ಟ್ ಬೆಲ್ ಪಾಠಗಳು ಆರಂಭವಾದ ಕಾಲದಿಂದಲೂ ಯಾರ ಮನೆಯಲ್ಲಿ ಏನಿದೆ, ಏನಿಲ್ಲ ಎಂಬುದು ಅವರಿಗೆ ಗೊತ್ತು. ಈಗಲೂ ಬೀಡಿ ಕಟ್ಟುವ ತಾಯಿ, ಕೂಲಿಗೆ ಹೋಗುವ ತಂದೆ ಇರುವ ಮನೆಯಲ್ಲಿ ಒಂದೇ ಫೋನು. ಅದು ತಂದೆಯ ಜೊತೆ ಹೊರಟರೆ ರಾತ್ರಿಯೇ ಮರಳುವುದು. ಗ್ರೂಪಿನಲ್ಲಿ ಹಾಕಿದ ಮನೆಕೆಲಸ ಮಾಡದೆ ಬಂದವರನ್ನು ಗದರಿದ ನೆನಪು ಅವರನ್ನು ಬಾಧಿಸುತ್ತಿತ್ತು. ಪಶ್ಚಾತ್ತಾಪಕ್ಕಿಂತ ಕ್ರಮ ಬದಲಿಸುವುದು ಮಕ್ಕಳಿಗೆ ಉಪಯುಕ್ತವೆಂದು ಹೇಳಿ, ವಾಟ್ಸ್ಆ್ಯಪಿನಲ್ಲಿ ಕಳಿಸುವ ಯಾವುದೇ ಮನೆಕೆಲಸವನ್ನು ಹಲಗೆಯ ಮೇಲೂ ಬರೆಯಲು, ವಿಡಿಯೋಗಳನ್ನು ಶಾಲೆಯಲ್ಲೇ ಇಳಿಸಿಕೊಂಡು ಮಧ್ಯಾಹ್ನದ ಬಿಡುವಿನಲ್ಲಿ ತೋರಿಸಲು ಸಲಹೆ ನೀಡಿದೆ.

ಕೆಲವು ಭೇಟಿಗಳ ನಂತರ ನಿದ್ದೆ ಸುಧಾರಿಸಿದೆ. ಓಣಂ ಪರೀಕ್ಷೆಯ ಪ್ರಶ್ನೆಪತ್ರಿಕೆಯ ಎರಡು ಪುಟ ತಾವೇ ಟೈಪ್ ಮಾಡಿದರು. ಹೊಸ ತಂತ್ರಾಂಶ ಬಂದಾಗ ಅಂಗೈ ಈಗಲೂ ಬೆವರುತ್ತದೆ. ಸ್ವಯಂ ನಿವೃತ್ತಿಯ ಯೋಚನೆಯನ್ನು ಸದ್ಯಕ್ಕೆ ಕೈಬಿಟ್ಟಿದ್ದಾರೆ. ಕನ್ನಡದಲ್ಲಿ ತರಬೇತಿ ಕೇಳಿದ ಪತ್ರಕ್ಕೆ ಉತ್ತರ ಬಂದಿಲ್ಲ. ಅದನ್ನು ನೆನಪಿಸಿ ಇನ್ನೊಂದು ಪತ್ರ ಬರೆಯುವುದು ಕ್ರಿಸ್ಮಸ್ ರಜೆಗೆ ಮೊದಲು ಅವರು ಮಾಡಬೇಕೆಂದು ನಾವಿಬ್ಬರೂ ಗೊತ್ತುಮಾಡಿಕೊಂಡಿದ್ದೇವೆ.