ಶೇ. 80ರ ಮೇಷ್ಟ್ರು

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪತ್ರ: “ಮಗಳು ಎಂ.ಎ. ಓದುತ್ತಿದ್ದಾಳೆ. ಒಬ್ಬ ಅಧ್ಯಾಪಕರು ಹಳೇ ನೋಟ್ಸ್ ಓದಿ ಎದ್ದು ಹೋಗುತ್ತಾರಂತೆ. ಅವರಿಗೇ ಈ ಸಲ ಬಡ್ತಿ. ಇವರ ಕೆಲಸ ಅಳೆಯುವವರಿಲ್ಲವೇ? ವಿದ್ಯಾರ್ಥಿಗಳು ಕೊಡುವ ಅಂಕದ ಮೇಲೇ ಬಡ್ತಿ ನಿರ್ಧರಿಸಬಾರದೇಕೆ?”

ಸಂಪಾದಕರ ಉತ್ತರ:

ಅಳೆಯುವವರಿದ್ದಾರೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿ ಅದಕ್ಕೊಂದು ಕೋಷ್ಟಕವೇ ಇದೆ. ವಹಿಸಿದ ತರಗತಿಗಳಲ್ಲಿ ಶೇ. 80 ತೆಗೆದುಕೊಂಡರೆ ಬೋಧನೆ ‘ಉತ್ತಮ’, 70 ದಾಟಿದ್ದರೆ ‘ತೃಪ್ತಿಕರ’. ನಿಮ್ಮ ಮಗಳ ಮೇಷ್ಟ್ರು ಗಂಟೆಗೆ ಸರಿಯಾಗಿ ಬಂದು ನೋಟ್ಸ್ ಓದಿದ್ದರೆ ಈ ಕಾಲಂನಲ್ಲಿ ಉತ್ತಮರೇ. ತರಗತಿ ನಡೆಯಿತೇ ಎಂದು ಕೋಷ್ಟಕ ಕೇಳುತ್ತದೆ, ಅಲ್ಲಿ ಏನು ನಡೆಯಿತು ಎಂದು ಕೇಳುವುದಿಲ್ಲ.

ಸಂಶೋಧನೆಯ ಅಂಕ ಬೇರೆ: ಒಂದು ಲೇಖನಕ್ಕೆ ಭಾಷೆ, ಸಮಾಜವಿಜ್ಞಾನಗಳಲ್ಲಿ 10, ವಿಜ್ಞಾನಗಳಲ್ಲಿ 8. ಲೇಖನದ ಹಸಿವು ಎಲ್ಲಿಗೆ ಮುಟ್ಟಿತ್ತೆಂದರೆ, ಅದೇ ವರ್ಷ ಯುಜಿಸಿ ತಾನೇ ಒಪ್ಪಿದ್ದ ಪಟ್ಟಿಯಿಂದ ಕಳಪೆ ಗುಣಮಟ್ಟ, ತಪ್ಪು ಮಾಹಿತಿಯಂಥ ಕಾರಣಕ್ಕೆ 4,305 ನಿಯತಕಾಲಿಕಗಳನ್ನು ಕಿತ್ತುಹಾಕಬೇಕಾಯಿತು.

ಆದರೆ ನಿಮ್ಮ ಮದ್ದನ್ನು ನಾನು ಒಪ್ಪಲಾರೆ. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಆಗುವ ಮೊದಲೇ ಮಲೆನಾಡಿನ ಒಂದು ಕಾಲೇಜಿನಲ್ಲಿ ಓದಿದವನು ನಾನು. ಆಷಾಢದಲ್ಲಿ ಹೆಂಚಿನ ಮೇಲಿನ ಮಳೆ ಸದ್ದಿಗೆ ಮಾತೇ ಕೇಳಿಸದು. ಆಗಲೂ ಒಬ್ಬ ಮೇಷ್ಟ್ರು ಬೋರ್ಡಿನ ಮೇಲೆ ಪ್ರಶ್ನೆ ಬರೆದು, ಬಸ್ಸು ಸಿಕ್ಕಿ ಬಂದ ಏಳೆಂಟು ಜನರನ್ನೂ ಒಬ್ಬೊಬ್ಬರಾಗಿ ಎಬ್ಬಿಸಿ ಬೆವರಿಳಿಸುತ್ತಿದ್ದರು. ನಾವು ಬರೆದುಕೊಟ್ಟದ್ದರ ಪಕ್ಕ ಕೆಂಪು ಶಾಯಿಯಲ್ಲಿ “ಇದು ನಿನ್ನ ಮಾತಲ್ಲ” ಎಂದಿರುತ್ತಿತ್ತು. ಇನ್ನೊಬ್ಬರು ಜೋಕು ಹೇಳಿ, ಪರೀಕ್ಷೆಗೆ ಬರುವ ಪ್ರಶ್ನೆಗಳಿಗೆ ಗುರುತು ಹಾಕಿಸುತ್ತಿದ್ದರು. ಅಂದು ಅಂಕ ನಮ್ಮ ಕೈಲಿದ್ದಿದ್ದರೆ ಜೋಕಿನವರಿಗೆ ನೂರಕ್ಕೆ ನೂರು! ಮೊದಲನೆಯವರ ಬೆಲೆ ತಿಳಿದದ್ದು ಈ ಮೇಜಿಗೆ ಬಂದು ಇತರರ ಬರಹ ತಿದ್ದತೊಡಗಿದ ಮೇಲೆ.

ಇನ್ನೊಂದು ಮಾತು. ವಿದ್ಯಾರ್ಥಿಗಳ ಅಂಕಕ್ಕೆ ಮೊದಲು ಹೆದರುವವರು ನೋಟ್ಸ್ ಓದುವ ಕಾಯಂ ಅಧ್ಯಾಪಕರಲ್ಲ. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂದು ಕಾದು ಕೂರುವ ಅತಿಥಿ ಉಪನ್ಯಾಸಕರು. ಅವರು ಆಮೇಲೆ ಯಾರನ್ನು ಎಬ್ಬಿಸಿ ಪ್ರಶ್ನೆ ಕೇಳಿಯಾರು?

ಪಾಠದ ಹುರುಳನ್ನು ಅದೇ ವಿಷಯ ಬಲ್ಲವರು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಬೇಕು. ವಿದ್ಯಾರ್ಥಿಗಳನ್ನು ಕೇಳಬೇಕಾದ್ದು ಅವರಿಗೆ ಮಾತ್ರ ಗೊತ್ತಿರುವುದನ್ನು. ಹಾಗಾಗಿ ನಿಮ್ಮ ಮಗಳು “ಪಾಠ ಚೆನ್ನಾಗಿಲ್ಲ” ಎಂದು ಬರೆಯುವುದು ಬೇಡ. ಯಾವ ಘಟಕ ಮುಟ್ಟದೇ ಉಳಿಯಿತು, ಆಂತರಿಕ ಪರೀಕ್ಷೆಯ ಉತ್ತರಪತ್ರಿಕೆ ಯಾವಾಗ ಕೈಗೆ ಬಂತು, ಅನುಮಾನ ಕೇಳಿದರೆ ಏನು ಉತ್ತರ ಸಿಕ್ಕಿತು ಎಂಬುದನ್ನು ತಾರೀಖು ಸಮೇತ ಬರೆಯಲಿ. ಒಂದು ಪ್ರತಿ ವಿಭಾಗದ ಮುಖ್ಯಸ್ಥರಿಗೆ, ಇನ್ನೊಂದು ಸಂಸ್ಥೆಯ ಆಂತರಿಕ ಗುಣಮಟ್ಟ ಭರವಸೆ ಕೋಶಕ್ಕೆ (ಐಕ್ಯೂಎಸಿ). ಸಹಿ ಮಾತ್ರ ಅವಳೊಬ್ಬಳದ್ದೇ ಬೇಡ, ಇಡೀ ತರಗತಿಯದ್ದಿರಲಿ.